ಸಹಾಯ ಬೇಕು: ದೇಣಿಗೆ ಸಂಗ್ರಹಕ್ಕೆ ಜನ ಸಿಗ್ತಿಲ್ಲ, ಸಿಕ್ಕವರು ನಿಲ್ತಿಲ್ಲ (ಮೈಸೂರು)

ಎಲ್ಲರಿಗೂ ನಮಸ್ಕಾರ. ಸರಸ್ವತಿಪುರಂನಲ್ಲಿ ನಮ್ಮದೊಂದು ಚಿಕ್ಕ ಟ್ರಸ್ಟ್, ಹಳ್ಳಿ ಮಕ್ಕಳ ಓದಿಗೆ ನೆರವು ಕೊಡ್ತೀವಿ. ದೇಣಿಗೆ ಕೇಳೋ ಕೆಲಸಕ್ಕೆ ಸೇರಿದವರು 80ಜಿ ರಸೀದಿ (ದಾನಿಗೆ ಆದಾಯ ತೆರಿಗೆ ವಿನಾಯಿತಿ ಪಡೆಯೋಕೆ ಬೇಕಾದ ರಸೀದಿ) ಬರೆಯೋದು, 2,000 ರೂಪಾಯಿ ದಾಟಿದ ನಗದಿಗೆ ತೆರಿಗೆ ವಿನಾಯಿತಿ ಇಲ್ಲ ಅಂತ ದಾನಿಗೆ ವಿವರಿಸೋದು ಕಲಿಯೋಷ್ಟರಲ್ಲಿ ಹೆಬ್ಬಾಳದ ಕಡೆ ಕಂಪನಿ ಸೇರಿಬಿಡ್ತಾರೆ. ದೂರೋಕಾಗಲ್ಲ, ಸಂಬಳ ಅಲ್ಲೇ ಜಾಸ್ತಿ. ಆದ್ರೆ ದಾನಿಗಳ ಪರಿಚಯಾನೂ ಅವರ ಜೊತೆಗೇ ಹೋಗತ್ತೆ. ಹೊಸಬರು ಫೋನ್ ಮಾಡಿದ್ರೆ "ಮೊದಲಿದ್ದ ಹುಡುಗಿ ಎಲ್ಲಮ್ಮಾ?" ಅಂತಾರೆ.

ತಂದ ಹಣದ ಮೇಲೆ ಕಮಿಷನ್ ಕೊಡಿ ಅಂತ ಟ್ರಸ್ಟಿಯೊಬ್ಬರ ಸಲಹೆ. ನನಗೆ ಒಪ್ಪಿಗೆಯಿಲ್ಲ, ಅದು ವಸೂಲಿ ಆಗಿಬಿಡತ್ತೆ. ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರೋ ಅಮ್ಮಂದಿರಿಗೆ ಅರ್ಧ ದಿನದ ಕೆಲಸ ಕೊಟ್ಟವರು ಯಾರಾದ್ರೂ ಇದ್ದೀರಾ? ನಿವೃತ್ತ ಬ್ಯಾಂಕ್ ನೌಕರರು ಬರ್ತಾರಾ? ಸಂಬಳ ಎಷ್ಟು ಕೊಡ್ತೀರಿ ಅನ್ನೋದನ್ನೂ ದಯವಿಟ್ಟು ತಿಳಿಸಿ.