‘ಬಿಟ್ಟಿ ಹಿಡಿದರು’ ಎನ್ನಬಹುದೇ? ಹಡಗಿನ ಹಗ್ಗಕ್ಕೆ ಏನು ಹೆಸರು?

ಬಳಗದ ಎಲ್ಲರಿಗೂ ನಮಸ್ಕಾರ.

ಕ್ಲಾರ್ಕ್‌ಸನ್ ಸ್ಟ್ಯಾನ್‌ಫೀಲ್ಡ್ (1793–1867) ಬಗ್ಗೆ ಕನ್ನಡದಲ್ಲೊಂದು ಲೇಖನ ಬರೆಯುತ್ತಿದ್ದೇನೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಕಡಲು, ಹಡಗುಗಳ ಚಿತ್ರ ಬರೆದು ದೊಡ್ಡ ಹೆಸರು ಮಾಡಿದವನು. ಎರಡು ಕಡೆ ಸರಿಯಾದ ಪದ ಸಿಗದೆ ಬರವಣಿಗೆ ನಿಂತಿದೆ.

1808ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ಅವನನ್ನು ಬಲವಂತವಾಗಿ ಬ್ರಿಟಿಷ್ ನೌಕಾಪಡೆಗೆ ಸೇರಿಸಿದರು. ನೆಪೋಲಿಯನ್ ಜೊತೆ ಯುದ್ಧ ನಡೆಯುತ್ತಿದ್ದ ಕಾಲ. ಬಂದರಿನ ಊರುಗಳಲ್ಲಿ ಕೈಗೆ ಸಿಕ್ಕ ನಾವಿಕರನ್ನು ಹಿಡಿದು ಹಡಗು ಹತ್ತಿಸಲು ಕಾನೂನೇ ಅವಕಾಶ ಕೊಟ್ಟಿತ್ತು. ‘ಬಿಟ್ಟಿ ಹಿಡಿದರು’ ಎಂದರೆ ಆ ದಬ್ಬಾಳಿಕೆ ನಮ್ಮ ಓದುಗರಿಗೆ ಕೂಡಲೇ ಅರ್ಥವಾಗುತ್ತದೆ. ಆದರೆ ಬಿಟ್ಟಿಯೆಂದರೆ ಕೂಲಿಯಿಲ್ಲದ ದುಡಿಮೆ, ಇವರಿಗೆ ಸಂಬಳವಿತ್ತು. ‘ಕಡ್ಡಾಯ ಭರ್ತಿ’ ಎಂದು ಬರೆದರೆ ಸರ್ಕಾರಿ ಸುತ್ತೋಲೆಯ ವಾಸನೆ. ಇವನ ತಂದೆ ಗುಲಾಮರನ್ನು ಸಾಗಿಸುವ ಹಡಗಿನಲ್ಲಿ ದುಡಿದು, ಅಲ್ಲಿ ಕಂಡ ಕ್ರೌರ್ಯವನ್ನು ಬರೆದು ಬಯಲಿಗೆಳೆದವನು. ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ಥಾಮಸ್ ಕ್ಲಾರ್ಕ್‌ಸನ್ ಹೆಸರನ್ನೇ ಮಗನಿಗೆ ಇಟ್ಟಿದ್ದ. ಅಂಥವನ ಮಗನನ್ನು ಹಿಡಿದೊಯ್ದ ಸಂಗತಿಗೆ ಸಪ್ಪೆ ಪದ ಹಾಕಲು ನನಗೆ ಮನಸ್ಸಿಲ್ಲ.

1814ರಲ್ಲಿ ಪಡೆಯಿಂದ ಬಿಡುಗಡೆಯಾಗಿ, ಮರುವರ್ಷ ವ್ಯಾಪಾರದ ಹಡಗಿನಲ್ಲಿ ಚೀನಾಕ್ಕೆ ಹೋಗಿಬಂದ. ಆಮೇಲೆ ಲಂಡನ್ನಿನ ರಂಗಮಂದಿರಗಳಲ್ಲಿ ಕೆಲಸ. ಈ ಭಾಗಕ್ಕೆ ತೊಡಕಿಲ್ಲ, ನಮ್ಮ ಕಂಪನಿ ನಾಟಕದವರು ಹೇಳುತ್ತಿದ್ದ ‘ಪರದೆ ಬರೆಯುವುದು’ ಸಾಕು. 1835ರಲ್ಲಿ ಲಂಡನ್ನಿನ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯನಾದ.

ತೊಡಕು ಬರುವುದು ಚಿತ್ರಗಳನ್ನು ವರ್ಣಿಸುವಾಗ. 1805ರ ಟ್ರಫಾಲ್ಗರ್ ಕದನದಲ್ಲಿ ಜರ್ಜರಿತವಾದ, ಬ್ರಿಟಿಷ್ ನೌಕಾ ಸೇನಾಪತಿ ನೆಲ್ಸನ್ನನ ‘ವಿಕ್ಟರಿ’ ಹಡಗನ್ನು ಜಿಬ್ರಾಲ್ಟರ್‌ಗೆ ಎಳೆದು ತರುತ್ತಿರುವ ಚಿತ್ರವನ್ನು 1853ರಲ್ಲಿ ಪ್ರದರ್ಶಿಸಿದ. ಆ ಹಡಗಿನ ಮೂರು ಕೂವೆಗಳಲ್ಲಿ, ಅಂದರೆ ಹಾಯಿ ಕಟ್ಟುವ ಕಂಬಗಳಲ್ಲಿ, ಹಿಂದಿನದು ಕದನದಲ್ಲೇ ಉರುಳಿತ್ತು. ಮುಂಗೂವೆ, ನಡುಗೂವೆ, ಹಿಂಗೂವೆ ಎಂದು ನಾನೇ ಕಟ್ಟಿಕೊಂಡಿದ್ದೇನೆ. ಕರಾವಳಿಯಲ್ಲಿ ಮಚವೆ, ಪತ್ತೆಮಾರಿಯಂಥ ಹಾಯಿಹಡಗು ನಡೆಸಿದವರ ಬಾಯಲ್ಲಿ ಬೇರೆ ಹೆಸರಿದ್ದರೆ ಇವನ್ನು ಈಗಲೇ ಹೊಡೆದುಹಾಕುತ್ತೇನೆ. ಕೂವೆ ಪಕ್ಕಕ್ಕೆ ವಾಲದಂತೆ ಅದರ ಮೇಲ್ತುದಿಯಿಂದ ಹಡಗಿನ ಎರಡೂ ಅಂಚಿಗೆ ಹಗ್ಗ ಬಿಗಿದಿರುತ್ತಾರಲ್ಲ, ಅಡ್ಡಹಗ್ಗ ಕಟ್ಟಿ ನಾವಿಕರು ಏಣಿಯ ಹಾಗೆ ಹತ್ತುವಂಥದ್ದು, ಅದಕ್ಕೆ ಏನೆನ್ನುತ್ತಾರೆ? ಇಂಥ ಹಗ್ಗಗಳ ನಡುವೆ ವರ್ಷಗಟ್ಟಲೆ ದುಡಿದವನ ಚಿತ್ರವನ್ನು ಬರೀ ‘ಹಗ್ಗ’ ಎಂದು ವರ್ಣಿಸಿದರೆ ಸಾಲದು.

ತುಳು, ಕೊಂಕಣಿ, ನವಾಯತಿ ಪದವಾದರೂ ಆದೀತು. ಯಾವ ಊರಿನಲ್ಲಿ, ಯಾರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ದಯವಿಟ್ಟು ಜೊತೆಗೆ ತಿಳಿಸಿ.