ಇಂಡಿಯನ್ ಪಾಸ್‌ಪೋರ್ಟ್ ಇಟ್ಕೊಂಡು ಓಟ್ ಹಾಕೋದೆಲ್ಲಿ?

ಎಲ್ರಿಗೂ ನಮಸ್ಕಾರ. ಯುಕೆಯಲ್ಲಿದೀವಿ, ಮೂರೂ ಜನರದ್ದು ಇಂಡಿಯನ್ ಪಾಸ್‌ಪೋರ್ಟೇ. ಮಗಳಿಗೆ ಸದ್ಯದಲ್ಲೇ 18 ತುಂಬತ್ತೆ, ಊರಿನ ವೋಟರ್ ಲಿಸ್ಟಲ್ಲಿ ನನ್ ಹೆಸರು ಇರ್ಲೇಬೇಕು ಅಂತ ಹಠ. ನಮ್ಮನೆಯವ್ರು ನೋಡಿದ್ರೆ ಬ್ರಿಟಿಷ್ ಪಾಸ್‌ಪೋರ್ಟ್ ತಗೊಂಡ್ಬಿಡೋಣ, ಇಲ್ಲೇ ಓಟ್ ಹಾಕ್ಲಿ ಅಂತಾರೆ. ಯಾರಾದ್ರೂ ಮಾಡ್ಸಿದೀರಾ?

ಅಕ್ಕಾ, ಹೆಸರು ಸೇರ್ಸೋದು ಕಷ್ಟ ಇಲ್ಲ. ಮುಂಚೆ ಊರಲ್ಲಿ ವಾಸ ಇಲ್ಲ ಅಂದ್ರೆ ಲಿಸ್ಟಲ್ಲಿ ಜಾಗಾನೇ ಇರ್ತಿರ್ಲಿಲ್ಲ, 2010ರಲ್ಲಿ ಜನಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ತಂದು ಸೆಕ್ಷನ್ 20ಎ ಹಾಕಿದ್ಮೇಲೆ ನಮ್ಮಂಥೋರಿಗೂ ಅವಕಾಶ ಸಿಕ್ತು. ಆನ್‌ಲೈನಲ್ಲಿ ಫಾರಂ 6ಎ ತುಂಬಿ, ಪಾಸ್‌ಪೋರ್ಟಲ್ಲಿರೋ ಊರಿನ ಅಡ್ರೆಸ್ ಯಾವ ಕ್ಷೇತ್ರಕ್ಕೆ ಬರತ್ತೋ ಅಲ್ಲಿ ಸೇರಿಸ್ತಾರೆ. ವೋಟರ್ ಐಡಿ ಕೊಡಲ್ಲ, ಬೂತಲ್ಲಿ ಒರಿಜಿನಲ್ ಪಾಸ್‌ಪೋರ್ಟ್ ತೋರಿಸ್ಬೇಕು. ಹೂಂ, ಬೂತಲ್ಲೇ, ಅಂದ್ರೆ ಟಿಕೆಟ್ ಮಾಡಿ ಖುದ್ದಾಗಿ ಹೋಗ್ಬೇಕು! 2024ರ ಲೋಕಸಭೆ ಎಲೆಕ್ಷನ್‌ಗೆ ಹೀಗೆ ಸುಮಾರು 1.19 ಲಕ್ಷ ಜನ ಲಿಸ್ಟಲ್ಲಿದ್ರು, ಬಂದು ಒತ್ತಿದೋರು 3 ಸಾವಿರಾನೂ ಮುಟ್ಲಿಲ್ಲ, ಅದ್ರಲ್ಲೂ ಬಹುಪಾಲು ಕೇರಳದೋರೇ.

ಎಂಬೆಸಿ ಸ್ಟಾಫಿಗೆ, ಸೈನಿಕರಿಗೆ ಪೋಸ್ಟಲ್ ಬ್ಯಾಲೆಟ್ ಇದೆ, ನಮಗಿಲ್ಲ. ನಮಗೆ ಪ್ರಾಕ್ಸಿ, ಅಂದ್ರೆ ನಮ್ಮ ಪರವಾಗಿ ಬೇರೆಯೋರು ಓಟ್ ಹಾಕೋ ಅವಕಾಶ ಕೊಡೋ ಬಿಲ್ 2018ರಲ್ಲಿ ಲೋಕಸಭೇಲಿ ಪಾಸಾಯ್ತು, ರಾಜ್ಯಸಭೇಲಿ ಮುಂದಕ್ಕೇ ಹೋಗ್ಲಿಲ್ಲ, 2019ರಲ್ಲಿ ಲೋಕಸಭೆ ವಿಸರ್ಜನೆ ಆದಾಗ ಅದೂ ಬಿದ್ದೋಯ್ತು. ನನ್ ಕೇಳಿದ್ರೆ ಪ್ರಾಕ್ಸಿ ಬಿದ್ದಿದ್ದೇ ಒಳ್ಳೇದು, ಊರಲ್ಲಿರೋ ದೊಡ್ಡಪ್ಪ ಮನೆಯೋರೆಲ್ಲರ ಓಟನ್ನೂ ತಾನೇ ಒತ್ಕೊಂಡು ಬರ್ತಿದ್ದ. ಬ್ಯಾಲೆಟ್ಟನ್ನ ಎಲೆಕ್ಟ್ರಾನಿಕ್ ಆಗಿ ಕಳಿಸೋಕೆ ರೆಡಿ ಅಂತ ಎಲೆಕ್ಷನ್ ಕಮಿಷನ್ 2020ರಲ್ಲೇ ಸರ್ಕಾರಕ್ಕೆ ಬರೆದಿತ್ತು, 2024ರಲ್ಲೂ ನಾವು ವಿಮಾನ ಹತ್ತೋದು ತಪ್ಪಲಿಲ್ಲ. ಈ ಓಟುಗಳು ಯಾರ ಬುಟ್ಟಿಗೆ ಬೀಳತ್ತೆ ಅಂತ ಲೆಕ್ಕ ಸಿಗೋವರೆಗೂ ಯಾವ ಪಾರ್ಟಿನೂ ಇದಕ್ಕೆ ಜಗ್ಗಾಡಲ್ಲ ಬಿಡಿ.

ಭಾವನೋರಿಗೆ ಒಂದ್ ಮಾತು ಹೇಳಿ. ಇಲ್ಲಿ ಓಟ್ ಹಾಕೋಕೆ ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. ಇಂಡಿಯಾ ಕಾಮನ್‌ವೆಲ್ತ್ ದೇಶ ಅಲ್ವಾ, ಸರಿಯಾದ ವೀಸಾ ಇದ್ರೆ ಸಾಕು, ಇಲ್ಲಿನ ಪಾರ್ಲಿಮೆಂಟಿಗೂ ಹಾಕ್ಬೋದು, ಪೋಲಿಂಗ್ ಸ್ಟೇಷನ್ನಲ್ಲಿ ಫೋಟೋ ಐಡಿ ಅಂತ ಅದೇ ನೀಲಿ ಪಾಸ್‌ಪೋರ್ಟ್ ತೋರಿಸಿದ್ರೂ ಆಗತ್ತೆ, ಬೇಕಂದ್ರೆ ಪೋಸ್ಟಲ್ ವೋಟೂ ಕೊಡ್ತಾರೆ. ತಮಾಷೆ ಅಲ್ವಾ, ಲಂಡನ್ನಲ್ಲಿ ಕೂತು ವೆಸ್ಟ್‌ಮಿನ್‌ಸ್ಟರಿಗೆ ಹಾಕ್ಬೋದು, ಡೆಲ್ಲಿಗೆ ಆಗಲ್ಲ! ಬ್ರಿಟಿಷ್ ಪೌರತ್ವ ತಗೊಂಡ್ರೋ, ಇಂಡಿಯಾದ್ದು ತಾನಾಗೇ ಹೋಯ್ತು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಇಂಡಿಯಾ ಕೊಡೋ ಓಸಿಐ ಕಾರ್ಡಿಗೆ ಓಟಿಲ್ಲ. ಮಗಳಿಗೆ ಇದನ್ನ ಕೂರಿಸ್ಕೊಂಡು ಹೇಳಿ, ತೀರ್ಮಾನ ಅವಳೇ ಮಾಡ್ಲಿ, 18 ಆದ್ಮೇಲೆ ಅದು ಅವಳದ್ದೇ.

ಇನ್ನೊಂದು, ನೀವಿಬ್ರೂ ದೇಶ ಬಿಡೋಕ್ಮುಂಚೆ ಮಾಡ್ಸಿದ್ದ ಹಳೇ ಹೆಸರು ಲಿಸ್ಟಲ್ಲಿ ಹಾಗೇ ಇದ್ಯಾ ಚೆಕ್ ಮಾಡಿ. ಇದ್ರೆ ಮೊದ್ಲು ಅದನ್ನ ತೆಗೆಸಿ ಆಮೇಲೆ 6ಎ ಹಾಕಿ, ಸುಳ್ಳು ಡಿಕ್ಲರೇಷನ್ ಕೊಟ್ರೆ ಕೇಸಾಗತ್ತೆ.