ಎತ್ತರಿಸಿದ ಜಿಪ್ಸಿ ಅದುರುತ್ತಿದೆ. ಎರಡನೆಯ ಟ್ರಾನ್ಸ್‌ಫರ್ ಕೇಸ್ ಹಾಕಿಸಲೇ?

ಪ್ರಶ್ನೆ (ಹೊಳಲ್ಕೆರೆ ಕಡೆಯ ಅಡಿಕೆ ಬೆಳೆಗಾರ):
ಅಣ್ಣನವರೇ, ನನ್ನದು ಹಳೆಯ ಜಿಪ್ಸಿ. ಸ್ಪ್ರಿಂಗಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿ, ಹಿಂದೆ ಉದ್ದನೆಯ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿಸಿ ಸುಮಾರು ಮೂರು ಅಂಗುಲ ಎತ್ತರಿಸಿದ್ದೇನೆ. ಟೈರು 26 ಅಂಗುಲದ್ದು ತೆಗೆದು 30ರದ್ದು ಹಾಕಿದೆ. ಈಗ ಎರಡು ತೊಂದರೆ. ತೋಟದ ಹಳ್ಳದಲ್ಲಿ ಲೋ ಗೇರ್ ಹಾಕಿದರೂ ಗಾಡಿ ನಿಧಾನವಾಗಿ ಏರುವುದಿಲ್ಲ, ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಹೆದ್ದಾರಿಯಲ್ಲಿ 60 ದಾಟಿದರೆ ನೆಲವೇ ಅದುರುತ್ತದೆ. ಇನ್ನೊಂದು ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ, ಹೈ ಮತ್ತು ಲೋ ಗೇರಿರುವ ಡಬ್ಬಿ) ಸೇರಿಸಿದರೆ ಎರಡೂ ಸರಿಹೋಗುತ್ತವೆ ಎಂದು ಒಬ್ಬರು ಹೇಳಿದರು. ನಿಜವೇ?

ಉತ್ತರ (ದಾವಣಗೆರೆಯ ಗ್ಯಾರೇಜ್ ಮೇಸ್ತ್ರಿ):
ಇಲ್ಲ. ಮೊದಲನೆಯದಕ್ಕೆ ಗೇರ್ ಕಾರಣ, ಎರಡನೆಯದಕ್ಕೆ ಕೇಸಿನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಶಾಫ್ಟ್ ಕಾರಣ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಈ ವಿಷಯದಲ್ಲಂತೂ ರೋಗವನ್ನೇ ಹೆಚ್ಚಿಸುತ್ತದೆ.

ಗೇರಿನ ಮಾತು ಮೊದಲು. ದೊಡ್ಡ ಟೈರಿನಿಂದಲೇ ನಿಮ್ಮ ಎಳೆತ ಸುಮಾರು ಶೇ 13ರಷ್ಟು ಹೋಗಿದೆ. ಎರಡು ಕೇಸ್ ಸಾಲಾಗಿ ಇಟ್ಟರೆ ಅನುಪಾತಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಜಿಪ್ಸಿಯ ಲೋ ಸುಮಾರು 2.27 (ಒಳಗೆ 2.27 ಸುತ್ತು ತಿರುಗಿದರೆ ಹೊರಗೆ ಒಂದು ಸುತ್ತು), ಎರಡು ಸೇರಿದರೆ 5ಕ್ಕೂ ಮೇಲೆ. ಕೇಳಲು ಚೆನ್ನ. ಆದರೆ ಜಿಪ್ಸಿಯ ಹೈ ಒಂದಕ್ಕೊಂದು ಅಲ್ಲ, ಅದು 1.41. ಎರಡು ಜಿಪ್ಸಿ ಕೇಸ್ ಜೋಡಿಸಿದರೆ ಹೈನಲ್ಲಿಯೂ ಸುಮಾರು 2 ಆಗುತ್ತದೆ. ದಾವಣಗೆರೆಗೆ ಬರುವಷ್ಟರಲ್ಲಿ ಎಂಜಿನ್ ಅರಚಿ ಅರಚಿ ಸೋಲುತ್ತದೆ. ಜೋಡಿ ಕೇಸಿನ ಕೆಲಸ ಹೊಂದುವುದು ಹೈನಲ್ಲಿ ಒಂದಕ್ಕೊಂದು ತಿರುಗುವ ಡಬ್ಬಿಗೆ. ಜಿಪ್ಸಿಗೆ ಇರುವ ಕೇಸಿನ ಒಳಗಿನ ಹಲ್ಲುಗಾಲಿಗಳನ್ನೇ ಬದಲಿಸುವುದು ಲೇಸು; 4.16ರ ಲೋ ಕೊಡುವ ಸೆಟ್ ಸಿಗುತ್ತದೆ. ಉದ್ದ ಬೆಳೆಯುವುದಿಲ್ಲ, ಶಾಫ್ಟ್ ಚಿಕ್ಕದಾಗುವುದಿಲ್ಲ. ಆದರೆ ಬಲ ಹೆಚ್ಚಿದಷ್ಟೂ ಹಿಂದಿನ ಆಕ್ಸಲ್ ಮೇಲೆ ಭಾರ. ಚಕ್ರ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿದರೆ ಮುರಿಯುವುದು ಅದೇ.

ಇನ್ನು ಅದುರಾಟ. ಶಾಫ್ಟಿನ ತುದಿಯಲ್ಲಿ ಕ್ರಾಸ್ (ಕೂಡು ಗುರುತಿನ ಆಕಾರದ ತುಂಡು) ಇರುವ ಜಾಯಿಂಟ್ ಓರೆಯಾಗಿ ತಿರುಗಿದರೆ ಅದರ ಆಚೆಯ ತುದಿ ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಶಾಫ್ಟಿನ ಇನ್ನೊಂದು ತುದಿಯ ಜಾಯಿಂಟ್ ಅಷ್ಟೇ ಓರೆಯಾಗಿದ್ದರೆ ಈ ಏರಿಳಿತವನ್ನು ಅಳಿಸುತ್ತದೆ. ಎರಡರ ಓರೆ ಬೇರೆಬೇರೆಯಾದರೆ ಉಳಿದದ್ದೆಲ್ಲ ನಿಮ್ಮ ಸೀಟಿನಡಿ ಬರುತ್ತದೆ. ಹಿಂದಿನ ಉದ್ದ ಶ್ಯಾಕಲ್ ಪಟ್ಟಿಯ ಹಿಂತುದಿಯನ್ನು ಕೆಳಗಿಳಿಸಿ ಪಿನಿಯನ್ ಮೂತಿಯನ್ನು (ಹಿಂದಿನ ಆಕ್ಸಲ್‌ನಲ್ಲಿ ಶಾಫ್ಟ್ ಬಂದು ಸೇರುವ ಮುಂಚಾಚನ್ನು) ಮೇಲೆತ್ತುತ್ತದೆ. ಅನುಮಾನ ನನಗೆ ಅಲ್ಲೇ.

ಜೋಡಿ ಕೇಸ್ ಇದನ್ನು ಹೇಗೆ ಕೆಡಿಸುತ್ತದೆ ನೋಡಿ. ಕೇಸಿನಿಂದ ಪಿನಿಯನ್‌ವರೆಗೆ 36 ಅಂಗುಲದ ಅಂತರ, 7 ಅಂಗುಲದ ಇಳಿಜಾರು ಎಂದುಕೊಳ್ಳಿ: ಓರೆ 11 ಡಿಗ್ರಿ. ಮೂರು ಅಂಗುಲ ಎತ್ತರಿಸಿದರೆ 15.5. ಹೊಸ ಡಬ್ಬಿ ಆರು ಅಂಗುಲ ಜಾಗ ತಿಂದರೆ 18 ದಾಟುತ್ತದೆ.

ಮೊಬೈಲಿನ ಕೋನಮಾಪಕದಿಂದ, ಇಲ್ಲವೇ ರಸಮಟ್ಟದಿಂದ ಮೂರು ಕಡೆ ಅಳೆದು ಬರೆಯಿರಿ: ಕೇಸಿನ ಫ್ಲ್ಯಾಂಜ್ (ಶಾಫ್ಟನ್ನು ಬಿಗಿಯುವ ಬಿಲ್ಲೆ), ಶಾಫ್ಟ್, ಪಿನಿಯನ್. ಗಾಡಿ ಚಕ್ರಗಳ ಮೇಲೇ ನಿಂತಿರಬೇಕು, ಜಾಕ್ ಮೇಲಲ್ಲ. ಶಾಫ್ಟ್ ಬಿಚ್ಚಿದ್ದರೆ ಎರಡು ತುದಿಗಳಲ್ಲಿ ಕ್ರಾಸ್ ಹಿಡಿಯುವ ಕವಲುಗಳಾದ ಯೋಕ್‌ಗಳ ಕಿವಿಗಳು ಒಂದೇ ಸಾಲಿನಲ್ಲಿವೆಯೇ ನೋಡಿ. ಹಲ್ಲು ತಪ್ಪಿಸಿ ತೂರಿಸಿದ ಶಾಫ್ಟುಗಳು ತಿಂಗಳಿಗೊಂದಾದರೂ ನನ್ನ ಬಳಿ ಬರುತ್ತವೆ. ಬಿಚ್ಚುವ ಮುಂಚೆ ಸುಣ್ಣದ ಗೆರೆಯೊಂದನ್ನು ಎಳೆದಿದ್ದರೆ ಮುಗಿಯುತ್ತಿತ್ತು.

ಪ್ರಶ್ನೆ (ಚಿತ್ರದುರ್ಗದಿಂದ ಇನ್ನೊಬ್ಬರು):
ಸರ್, ಕೇಸನ್ನೇ ಒಂದು ಅಂಗುಲ ಇಳಿಸಿದರೆ ಓರೆ ಕಡಿಮೆಯಾಗುವುದಿಲ್ಲವೇ? ಆರ್‌ಟಿಒ ತಕರಾರು ಏನಾದರೂ ಇದೆಯೇ?

ಉತ್ತರ:
ಹಿಂದಿನ ಶಾಫ್ಟಿಗೆ ಕಡಿಮೆಯಾಗುತ್ತದೆ. ಆದರೆ ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಮತ್ತು ಕೇಸ್ ಬೇರೆಬೇರೆ, ನಡುವೆ ಒಂದು ಗಿಡ್ಡ ಶಾಫ್ಟ್. ಹತ್ತು ಅಂಗುಲದ ಶಾಫ್ಟಿಗೆ ಒಂದು ಅಂಗುಲ ಇಳಿತವೆಂದರೆ ಸುಮಾರು ಆರು ಡಿಗ್ರಿ. ಅದುರಾಟ ಹಿಂದಿನಿಂದ ಮುಂದಕ್ಕೆ ಬಂದಂತಾಯಿತು, ಅಷ್ಟೇ.

ತಕರಾರು ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ತೋಟದೊಳಗೆ ಯಾರೂ ಕೇಳುವುದಿಲ್ಲ. ಹೆದ್ದಾರಿಗೆ ಬಂದರೆ, ಅದರಲ್ಲೂ ಅಪಘಾತವಾದರೆ, ವಿಮೆಯವರು ಮೊದಲು ನೋಡುವುದು ಇದನ್ನೇ.

ಪ್ರಶ್ನೆ (ಹೊಳಲ್ಕೆರೆಯವರೇ ಮತ್ತೆ):
ಅಳೆದೆ. ಕೇಸಿನ ಫ್ಲ್ಯಾಂಜ್ ಹಿಂದಕ್ಕೆ 2 ಡಿಗ್ರಿ ಇಳಿಜಾರು. ಶಾಫ್ಟ್ 15. ಪಿನಿಯನ್ ಮೂತಿ 7 ಡಿಗ್ರಿ ಮೇಲಕ್ಕೆ. ಮೇಲಿನ ತುದಿಗೆ ಎರಡು ಕ್ರಾಸಿನ ಜೋಡಿ ಜಾಯಿಂಟ್ ಹಾಕಿಸಿದರೆ ಹೇಗೆ?

ಉತ್ತರ:
ಹಾಗಾದರೆ ಮುಂದಿನ ಜಾಯಿಂಟ್ 15ರಲ್ಲಿ 2 ಕಳೆದು 13 ಡಿಗ್ರಿ, ಹಿಂದಿನದು 15ರಲ್ಲಿ 7 ಕಳೆದು 8. ಈ 5ರ ವ್ಯತ್ಯಾಸವೇ ನಿಮ್ಮ ಅದುರಾಟ.

ಜೋಡಿ ಜಾಯಿಂಟ್ ಹಾಕಿದರೆ ನಿಯಮವೇ ಬೇರೆ. ಅದು ತನ್ನ ಏರಿಳಿತವನ್ನು ತಾನೇ ಅಳಿಸಿಕೊಳ್ಳುತ್ತದೆ, ಆದ್ದರಿಂದ ಪಿನಿಯನ್ ನೇರವಾಗಿ ಕೇಸಿನ ಕಡೆ ನೋಡಬೇಕು. ಮೂತಿ ಇನ್ನೂ ಎಂಟು ಡಿಗ್ರಿ ಏರಬೇಕಾಗುತ್ತದೆ. ಖರ್ಚು ಬೇಡ. ಉದ್ದ ಶ್ಯಾಕಲ್ ತೆಗೆದು ಹಳೆಯದನ್ನೇ ಹಾಕಿ. ಎತ್ತರ ಸ್ವಲ್ಪ ಹೋಗುತ್ತದೆ, ಹೋಗಲಿ. ಪಿನಿಯನ್ ಮೂತಿಯೂ ಶಾಫ್ಟಿನ ಓರೆಯೂ ತಾವಾಗಿ ಇಳಿಯುತ್ತವೆ. ಮತ್ತೆ ಅಳೆದು, ಉಳಿದ ವ್ಯತ್ಯಾಸಕ್ಕೆ ಮಾತ್ರ ಪಟ್ಟಿಗೂ ಆಕ್ಸಲ್ಲಿನ ಹೊರಕವಚವಾದ ಹೌಸಿಂಗಿಗೂ ನಡುವೆ ಬೆಣೆ ಕೊಡಿ. ಜಿಪ್ಸಿಯಲ್ಲಿ ಹೌಸಿಂಗ್ ಪಟ್ಟಿಯ ಮೇಲೆ ಕೂರುತ್ತದೆ, ಹಾಗಾಗಿ ಮೂತಿ ಇಳಿಸಲು ಬೆಣೆಯ ದಪ್ಪ ತುದಿ ಹಿಂದಕ್ಕಿರಬೇಕು. ಎಳೆತ ಬಿದ್ದಾಗ ಪಟ್ಟಿ ತಿರುಚಿ ಮೂತಿ ತುಸು ಏರುತ್ತದೆ, ಅದಕ್ಕೆ ಒಂದು ಡಿಗ್ರಿ ಹೆಚ್ಚಿಗೇ ಇಳಿಸಿ. ಬೆಣೆ ಉಕ್ಕಿನದಿರಲಿ, ಅಲ್ಯೂಮಿನಿಯಂ ಒಡೆಯುತ್ತದೆ.

ಕೊನೆಗೆ ಚಾಸಿಯನ್ನು ಎತ್ತಿ ಹಿಂದಿನ ಚಕ್ರಗಳನ್ನು ಜೋತುಬೀಳಲು ಬಿಟ್ಟು, ಶಾಫ್ಟನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಎಲ್ಲಿಯಾದರೂ ಯೋಕ್ ತಾಗಿ ಸಿಕ್ಕಿಕೊಂಡರೆ, ಅಥವಾ ಶಾಫ್ಟ್ ಉದ್ದಗಿಡ್ಡವಾಗಲು ಬಿಡುವ ಸ್ಲಿಪ್ ಜಾಯಿಂಟಿನ ಹಲ್ಲು ಹೆಚ್ಚು ಹೊರಗೆ ಕಂಡರೆ, ಹಳ್ಳಕ್ಕೆ ಇಳಿಯಬೇಡಿ. ಶಾಫ್ಟ್ ತೆಗೆದುಕೊಂಡು ಬನ್ನಿ, ಉದ್ದ ಮಾಡಿಸಿ ಬ್ಯಾಲೆನ್ಸ್ ಮಾಡಿಸೋಣ. ಆಕ್ಸಲನ್ನು ಪಟ್ಟಿಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಐನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಸಿ.